ಮೇಲಿನ ಹಲಗೆಯ ಪ್ಲೇಟುಗಳು

ಹಿರೇಕೆರೂರಿನ ಹತ್ತಿ ವ್ಯಾಪಾರಿ ಶಿದ್ಲಿಂಗಪ್ಪನಿಗೆ ಎರಡು ವಿಷಯದಲ್ಲಿ ಸೊಕ್ಕಿತ್ತು. ಒಂದು, ಹುಬ್ಬಳ್ಳಿಯಿಂದ ತಂದ ಗ್ರಾಮೊಫೋನು. ಇನ್ನೊಂದು, ತನ್ನ ಕಿವಿ. ಗ್ರಾಮೊಫೋನಿಗೆ ಬಿಳಿ ಬಟ್ಟೆ ಹೊದಿಸಿ ಮುಚ್ಚಿಡುತ್ತಿದ್ದ. ಕಿವಿಯ ಸೊಕ್ಕನ್ನು ಮುಚ್ಚಿಡುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ. ಹಾಡುವವರು ಎಲ್ಲಿ ಉಸಿರು ತೆಗೆದುಕೊಂಡರು, ತಬಲಾದವನು ಎಲ್ಲಿ ಅವಸರ ಮಾಡಿದ ಎಂದು ಮನೆಗೆ ಬಂದವರಿಗೆಲ್ಲ ವಿವರಿಸುತ್ತಿದ್ದ. ಬಂದವರು ಹೂಂ ಹೂಂ ಅನ್ನುತ್ತಿದ್ದರು. ಕುಡಿಯುವ ಚಹಾ ಅವನ ಮನೆಯದು, ಹೂಂ ಅನ್ನದೆ ಇನ್ನೇನು ಮಾಡಿಯಾರು!

ಹೂಂ ಅನ್ನದವನು ಒಬ್ಬನೇ ಒಬ್ಬ, ಸವಣೂರಿನ ಎಲೆ ವ್ಯಾಪಾರಿ ಅಕ್ಬರಸಾಬ. ಸಂತೆಯ ದಿನ ವೀಳ್ಯದೆಲೆಯ ಬುಟ್ಟಿ ಹೊತ್ತು ಬಸ್ಸಿನಿಂದ ಇಳಿಯುತ್ತಿದ್ದ. ಬುಟ್ಟಿ ಬರಿದಾದ ಮೇಲೆ ಶಿದ್ಲಿಂಗಪ್ಪನ ಪಡಸಾಲೆಗೆ ಬಂದು, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂಡುತ್ತಿದ್ದ. ಹಾಡು ಹಿಡಿಸಿದರೆ "ವಾಹ್, ಚಲೋ ಐತ್ರಿ." ಸ್ವರ ಚೂರು ಜಾರಿತೋ, "ಎಲಿ ಹರದೈತ್ರಿ ಸಾವಕಾರ್ರ." ಹರಿದ ಎಲೆಯನ್ನು ಕಟ್ಟಿನಲ್ಲಿ ಸೇರಿಸುವುದು ಅವನ ಕಸುಬಿನಲ್ಲಿ ಪಾಪ. ಹಾಡಿಗೂ ಅದೇ ಕಾನೂನು ಹಚ್ಚುತ್ತಿದ್ದ. "ಎಲ್ಲಿ ಹರದೈತಿ, ತೋರಸು!" ಎಂದು ಶಿದ್ಲಿಂಗಪ್ಪ ಮತ್ತೆ ಕೀಲಿ ಕೊಟ್ಟು, ಸೂಜಿ ಬದಲಿಸಿ, ಅದೇ ಪ್ಲೇಟು ಹಾಕುತ್ತಿದ್ದ. ಇಬ್ಬರೂ ದನಿ ಏರಿಸಿ ಜಗಳ ಕಾಯುತ್ತಿದ್ದರು. ಕೊನೆಗೆ ಒಳಗಿನಿಂದ ಶಿದ್ಲಿಂಗಪ್ಪನ ಹೆಂಡತಿ ಸರೋಜವ್ವ ಕೂಗಬೇಕಾಗುತ್ತಿತ್ತು: "ಬಸ್ಸು ಹೋಗ್ತೈತ್ರಿ! ಉಳದ ಜಗಳಾ ಮುಂದಿನ ಸಂತಿಗೆ ಇಟ್ಕೋರಿ."

ದೀಪಾವಳಿ ಪಾಡ್ಯದ ದಿನ ಬೇರೆ ವ್ಯಾಪಾರಿಗಳು ಅಂಗಡಿಯ ಪೂಜೆ ಮಾಡಿದರೆ ಇವರಿಬ್ಬರು ಪ್ಲೇಟಿನ ಪಂಚಾಯ್ತಿ ಮಾಡುತ್ತಿದ್ದರು. ಕಪಾಟಿನಲ್ಲಿ ಎರಡು ಹಲಗೆ. ಆ ವರ್ಷ ಕೇಳಿದ್ದರಲ್ಲಿ ಮನಸ್ಸಿಗೆ ಹತ್ತಿದ ಪ್ಲೇಟು ಮೇಲಿನ ಹಲಗೆಗೆ ಏರಬೇಕು, ಉಳಿದದ್ದು ಕೆಳಗೆ. ಏರಬೇಕಾದರೆ ಇಬ್ಬರೂ ವಾಹ್ ಅನ್ನಬೇಕು. ಒಬ್ಬ "ಎಲಿ ಹರದೈತಿ" ಅಂದರೂ ಅದಕ್ಕೆ ಕೆಳಗಿನ ಹಲಗೆಯೇ ಗತಿ. ಹೀಗಾಗಿ ಎಷ್ಟೋ ವರ್ಷಗಳ ಸಂಗ್ರಹದಲ್ಲಿ ಮೇಲೆ ಕೂತ ಪ್ಲೇಟುಗಳು ಒಂದು ಕೈಯಲ್ಲಿ ಎತ್ತುವಷ್ಟೇ ಇದ್ದವು.

ಕನ್ನಡ ಸೀಮೆಗಳೆಲ್ಲ ಒಂದಾದ ಮರುವರ್ಷ ಶಿದ್ಲಿಂಗಪ್ಪನಿಗೆ ಹತ್ತಿ ಕೈ ಹಿಡಿಯಿತು, ಪ್ಲೇಟುಗಳೂ ಸುಗ್ಗಿಯಂತೆ ಬಂದವು. ಶಹನಾಯಿಯ ತೋಡಿ, ಗದುಗಿನ ಕಡೆಯ ನಾಟಕದವರ ಪದಗಳು, ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸೊಬ್ಬಳು ಹಾಡಿದ ಭೈರವಿ. ಆ ಭೈರವಿಯ ಕೊನೆಯಲ್ಲಿ ಅವಳ ದನಿ ಇಳಿದು ಬರುವಾಗ ಶಿದ್ಲಿಂಗಪ್ಪನ ಕಣ್ಣು ತಾನಾಗಿ ತೇವವಾಗುತ್ತಿತ್ತು.

ಆ ವರ್ಷ ಅಕ್ಬರಸಾಬ ಒಮ್ಮೆಯೂ ಎಲೆ ಹರಿಯಲಿಲ್ಲ. ಏನು ಹಾಕಿದರೂ ವಾಹ್. ಕಣ್ಣು ಮುಚ್ಚುವುದನ್ನೂ ಬಿಟ್ಟಿದ್ದ. ಗ್ರಾಮೊಫೋನಿನ ಪೆಟ್ಟಿಗೆಯ ಹತ್ತಿರ ಸರಿದು, ಅದರ ಮೇಲೆ ಅಂಗೈ ಇಟ್ಟು, ಶಿದ್ಲಿಂಗಪ್ಪನ ಮುಖವನ್ನೇ ನೋಡುತ್ತ ಕೂಡುತ್ತಿದ್ದ. ಮಾತೂ ಕಡಿಮೆಯಾಗಿತ್ತು. ಮೊದಮೊದಲು ಶಿದ್ಲಿಂಗಪ್ಪ ಹಿಗ್ಗಿದ. ಕಡೆಗೂ ಈ ಸಾಬ ನನ್ನ ದಾರಿಗೆ ಬಂದ ಅಂದುಕೊಂಡ. ಮಹಾನವಮಿ ಬರುವ ಹೊತ್ತಿಗೆ ಆ ಹಿಗ್ಗು ಹಳಸಿತು. ಎಲ್ಲದಕ್ಕೂ ತಲೆದೂಗುವವರು ಊರ ತುಂಬ ಇದ್ದರು. ಜಗಳಕ್ಕೆ ಇದ್ದವನು ಇವನೊಬ್ಬ, ಇವನೂ ಹೀಗಾದರೆ!

ನೆರೆಮನೆಯ ಮಂಜಪ್ಪ ಬೇರೆ ಚುಚ್ಚಿದ. "ನಿಮ್ಮ ಸಾಬ ನಿಮ್ಮ ಪ್ಲೇಟಿಗೆ ವಾಹ್ ಅನ್ನಾಕತ್ತಾನೋ ನಿಮ್ಮ ಚಹಾಕ್ಕೋ? ನನಗ್ಯಾಕೋ ಚಹಾಕ್ಕ ಅನಸ್ತೈತಿ."

ಆ ಮಾತು ಶಿದ್ಲಿಂಗಪ್ಪನ ಒಳಗೆ ನಾಟಿತು. ಪಾಡ್ಯದ ಮಧ್ಯಾಹ್ನ ಅಕ್ಬರಸಾಬ ಎಂದಿನಂತೆ ಸರೋಜವ್ವನಿಗೆಂದು ಎಳೆಯ ಎಲೆಯ ಕಟ್ಟು ಹಿಡಿದು ಬಂದು ಕೂತ. ಪಡಸಾಲೆಯಲ್ಲಿ ಮಂಜಪ್ಪನೂ ಅವನ ಇಬ್ಬರು ಬೀಗರೂ ಇದ್ದರು. ಶಿದ್ಲಿಂಗಪ್ಪ ಭೈರವಿಯ ಪ್ಲೇಟನ್ನು ಎತ್ತಿ ಎಲ್ಲರಿಗೂ ತೋರಿಸಿದ. ಆಮೇಲೆ ಬೆನ್ನು ತಿರುಗಿಸಿ ಅದನ್ನು ಕೆಳಗಿಟ್ಟು, ಪೆಟ್ಟಿಗೆಗೆ ಬೇರೆ ಪ್ಲೇಟು ಹಾಕಿದ. ಅದು ನಗಿಸಲಿಕ್ಕೆಂದು ಮಾಡಿದ್ದು. ಗಂಡಹೆಂಡಿರು ಬೈದಾಡುತ್ತಾರೆ, ನಡುನಡುವೆ ಕತ್ತೆ ಒದರುತ್ತದೆ.

ಕತ್ತೆ ಒದರತೊಡಗಿತು. ಶಿದ್ಲಿಂಗಪ್ಪ ಮಾತ್ರ ಭೈರವಿಯ ಮುಖ ಮಾಡಿಕೊಂಡು ಕೂತ. ಹುಬ್ಬು ಕೂಡಿಸಿದ, ತಲೆ ನಿಧಾನವಾಗಿ ಆಡಿಸಿದ, ಕೊನೆಗೆ ಅಂಗವಸ್ತ್ರದಿಂದ ಕಣ್ಣೂ ಒರೆಸಿಕೊಂಡ. ನಾಟಕದ ಕಂಪನಿ ಸೇರಿದ್ದರೆ ಹೆಸರು ಮಾಡುತ್ತಿದ್ದ.

ಅಕ್ಬರಸಾಬ ಆ ಮುಖವನ್ನೇ ನೋಡುತ್ತಿದ್ದ. ಅವನ ಮುಖವೂ ಮೆತ್ತಗಾಯಿತು. "ವಾಹ್," ಅಂದ, "ಭಾಳ ಚಲೋ ಐತ್ರಿ ಸಾವಕಾರ್ರ. ಇದು ಮ್ಯಾಲಿನ ಹಲಗೀದು."

ಪಡಸಾಲೆಯೇ ಹಾರಿಹೋಗುವಂತೆ ನಕ್ಕರು. ಮಂಜಪ್ಪ ಹೊಟ್ಟೆ ಹಿಡಿದುಕೊಂಡ. ಶಿದ್ಲಿಂಗಪ್ಪನೂ ನಕ್ಕ. ನಗುತ್ತಲೇ, "ಕಿವಿ ಅನ್ನೂದ ಇಲ್ಲಲೋ ಸಾಬ ನಿನಗ!" ಅಂದ.

ಅಕ್ಬರಸಾಬ ಒಬ್ಬೊಬ್ಬರ ಮುಖ ನೋಡಿದ. ಏನೋ ತಪ್ಪಾಗಿದೆ ಎಂದು ತಿಳಿದವನಂತೆ ತಾನೂ ಸ್ವಲ್ಪ ನಕ್ಕ. ರುಮಾಲು ಸುತ್ತಿಕೊಂಡ. ಎಲೆಯ ಕಟ್ಟನ್ನು ಒಳಬಾಗಿಲ ಹೊಸ್ತಿಲ ಮೇಲಿಟ್ಟು, ಏನೋ ಒಂದು ಮಾತು ಹೇಳಿ ಹೊರಟುಹೋದ. ಶಿದ್ಲಿಂಗಪ್ಪ ಆಗ ಕತ್ತೆಯ ಪ್ಲೇಟನ್ನು ಬೀಗರಿಗಾಗಿ ಎರಡನೆಯ ಸಲ ಹಾಕುತ್ತಿದ್ದ.

ಮಂದಿ ಹೋದ ಮೇಲೆ ಸರೋಜವ್ವ ಆ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಬಂದು ನಿಂತಳು. "ಅಂವ ಹೊಂಟಾಗ ಏನಂದ, ಕೇಳಿದ್ರೇನು?"

"ಏನಂದ? ಬರ್ತೇನ್ರಿ ಅಂದಿರಬೇಕು."

"ಹೋಗ್ತೇನ್ರಿ ಅಂದ."

ನಮ್ಮ ಕಡೆ ಹೊರಟವರು ಯಾರೂ ಹಾಗೆ ಅನ್ನುವುದಿಲ್ಲ. ಬಸ್ ಹತ್ತುವವರೂ, ತವರಿನಿಂದ ಗಂಡನ ಮನೆಗೆ ಅಳುತ್ತ ಹೊರಟವರೂ ಬರುತ್ತೇನೆ ಎಂದೇ ಹೇಳುತ್ತಾರೆ. "ಬಾಯಿ ತಪ್ಪಿ ಅಂದಾನು ಬಿಡು," ಅಂದ ಶಿದ್ಲಿಂಗಪ್ಪ. ಆದರೆ ಅನ್ನ ರುಚಿಸಲಿಲ್ಲ. ತಬಲಾದವನ ಅವಸರ ಕೇಳುವ ಕಿವಿಗೆ ಮೊಳ ದೂರದಲ್ಲಿ ಆಡಿದ ಆ ಮಾತು ಕೇಳಿಸಿರಲಿಲ್ಲ.

ಮುಂದಿನ ಸಂತೆಗೆ ಅಕ್ಬರಸಾಬ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸಂತೆಯಲ್ಲಿ ಅವನು ಎಲೆ ಮಾರಲು ಕೂಡುತ್ತಿದ್ದ ಜಾಗದಲ್ಲಿ ಮೆಣಸಿನಕಾಯಿಯವನೊಬ್ಬ ಗೋಣಿ ಹಾಸಿದ. ಶಿದ್ಲಿಂಗಪ್ಪ ಒಬ್ಬನೇ ಕೂತು ತೋಡಿ ಹಾಕಿದ, ಸಪ್ಪಗಿತ್ತು. ಭೈರವಿ ಹಾಕಿದ, ದನಿ ಇಳಿಯುವ ಜಾಗ ಬರುವ ಮೊದಲೇ ಸೂಜಿ ಎತ್ತಿಬಿಟ್ಟ. ಆ ಪ್ಲೇಟು ಮೇಲಿನ ಹಲಗೆಗೂ ಏರದೆ, ಕೆಳಗಿನದಕ್ಕೂ ಸೇರದೆ ಪೆಟ್ಟಿಗೆಯ ಪಕ್ಕದಲ್ಲೇ ಬಿದ್ದುಕೊಂಡಿತು. ತನಗೆ ಬೇಕಾದದ್ದು ಹಾಡಲ್ಲ, ಪಕ್ಕದಲ್ಲಿ ಕೂತು ಕೇಳುವವನು ಎಂದು ಅವನಿಗೆ ಆಗ ಅರ್ಥವಾಯಿತು. ಅವನನ್ನು ಕರೆತಂದೇ ತರಬೇಕು ಎಂದು ಸವಣೂರಿಗೆ ಹೊರಟ.

ಬಾಗಿಲಲ್ಲಿ ಅಕ್ಬರಸಾಬನ ಮಗಳು ನಸೀರಾ ಸಿಕ್ಕಳು. ಮದುವೆಯಾಗಿ ಅದೇ ಊರಿನಲ್ಲಿದ್ದವಳು, ತಂದೆಗೆ ಊಟ ತಂದಿದ್ದಳು. ಶಿದ್ಲಿಂಗಪ್ಪನ ಗುರುತು ಹತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡು ದನಿ ತಗ್ಗಿಸಿದಳು.

"ಕಾಕಾ, ಅಬ್ಬಾಗ ಕಿವಿ ಕೇಳೂದಿಲ್ರಿ. ಮೊದಲ ಒಂದು ಹೋತು, ಸಂಕ್ರಾಂತಿ ಆಗೂದ್ರಾಗ ಇನ್ನೊಂದೂ ಹೋತು."

ಶಿದ್ಲಿಂಗಪ್ಪ ಕಟ್ಟೆಗೆ ಕೈ ಊರಿದ. "ಮತ್ತ ನಮ್ಮಲ್ಲಿ ಬಂದು ಕೇಳತಿದ್ನಲ್ಲವಾ, ವರ್ಷಪೂರ್ತಿ?"

"ನಿಮ್ಮ ಮಾರಿ ನೋಡ್ತಿದ್ರಂತ್ರಿ. ಪೆಟ್ಟಗಿ ಮ್ಯಾಲ ಕೈ ಇಟ್ರ ನಡಗೂದು ತಿಳೀತೈತಿ, ಉಳದದ್ದು ಸಾವಕಾರ್ರ ಮಾರಿಮ್ಯಾಲ ಕಾಣಸ್ತೈತಿ, ಆ ಮಾರಿ ಸುಳ್ಳ ಹೇಳೂದಿಲ್ಲ ಅಂತಿದ್ರು. ಮನಿಗೆ ಬಂದು ನಮಗ ಹೇಳೂದು, ಇವತ್ತಿನ ಹಾಡು ಹಿಂಗಿತ್ತು, ಹಂಗಿತ್ತು ಅಂತ."

"ನನಗ ಯಾಕ ಹೇಳಲಿಲ್ಲ ಅಂವ?"

"ಕೆಪ್ಪನ ಮುಂದ ಯಾರು ಪ್ಲೇಟು ಹಾಕ್ತಾರ ಅಂತ ಅಂಜಿಕಿ. ಈಗೂ ನಿಮಗ ಗೊತ್ತಿಲ್ಲ ಅಂತನ ತಿಳಕೊಂಡಾರ. ರಾಗ ತಿಳೀಲಾರದಾಂವ ಅಂದ್ಕೊಳ್ಳಿ, ಕೆಪ್ಪ ಅನಬಾರದು ಅನ್ನೂದು ಅವರ ಹಟ. ನಾ ಹೇಳಿದ್ದು ತೋರಗೊಡಬ್ಯಾಡ್ರಿ ಕಾಕಾ, ನಿಮಗ ಕೈ ಮುಗೀತೇನಿ."

ಆ ವರ್ಷ ತಾನು ಹಾಕಿದ ಪ್ಲೇಟುಗಳೆಲ್ಲ ಶಿದ್ಲಿಂಗಪ್ಪನ ನೆನಪಿಗೆ ಬಂದವು. ಒಂದೂ ಅಕ್ಬರಸಾಬನನ್ನು ಮುಟ್ಟಿರಲಿಲ್ಲ, ತನ್ನ ಮುಖವೊಂದೇ ಮುಟ್ಟಿತ್ತು. ಪಾಡ್ಯದ ದಿನ ಅದೇ ಮುಖದಿಂದ ಅವನಿಗೆ ಮೋಸ ಮಾಡಿದ್ದ. ಶಿದ್ಲಿಂಗಪ್ಪನಿಗೆ ತನ್ನ ಬಗ್ಗೆಯೇ ಹೇಸಿಕೆ ಬಂತು.

ಹಿತ್ತಿಲಲ್ಲಿ ಅಕ್ಬರಸಾಬ ಎಲೆ ಆರಿಸುತ್ತಿದ್ದ. ಹರಿದದ್ದು ಒಂದು ಕಡೆ, ಒಳ್ಳೆಯದು ಒಂದು ಕಡೆ. ಎದುರಿಗೆ ಬಂದು ನಿಂತವನನ್ನು ಕಂಡು ಗಡಬಡಿಸಿ ಎದ್ದ. "ಬರ್ರಿ ಬರ್ರಿ ಸಾವಕಾರ್ರ, ಕುಂಡ್ರಿ," ಎಂದು ಚಾಪೆ ಕೊಡವಿ ಹಾಸಿದ. ಅವನ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಶಿದ್ಲಿಂಗಪ್ಪ ಅದನ್ನು ವರ್ಷಪೂರ್ತಿ ಕೇಳಿಯೂ ಕೇಳಿರಲಿಲ್ಲ.

ಶಿದ್ಲಿಂಗಪ್ಪ ಕೂತ. ಕೂಗಿ ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಕೈ ಮುಗಿಯುವಂತೆಯೂ ಇಲ್ಲ. ಕೇಳುವವನಿಗೆ ಹೇಳಿದಂತೆಯೇ ಹೇಳಬೇಕು.

"ಸಾಬ, ಅವತ್ತ ನಾ ಬೇಕಂತನ ಮಾಡಿದೆ. ಮಂದಿ ಮುಂದ ನಿನ್ನ ನಗಿಗೀಡ ಮಾಡಿದೆ. ಕಿವಿ ಇಲ್ಲದಾಂವ ನಾನ, ನೀ ಅಲ್ಲ. ನೀ ಬರಲಾರದ ಮನ್ಯಾಗ ಪ್ಲೇಟು ಹಾಕಾಕ ಮನಸಾಗವಲ್ದು. ತಪ್ಪಾತು ನಂದು. ಹೊಟ್ಟ್ಯಾಗ ಹಾಕ್ಕೊಂಡು ಮುಂದಿನ ಸಂತಿಗೆ ಬಾರೋ."

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು, ಕಣ್ಣು ತೇವವಾಯಿತು.

ಅಕ್ಬರಸಾಬ ಆ ಮುಖವನ್ನೇ ನೋಡುತ್ತಿದ್ದ. ಹುಬ್ಬು, ತುಟಿ, ಕಣ್ಣು ಎಲ್ಲವನ್ನೂ ಒಂದೊಂದಾಗಿ ನೋಡಿದ. ತಪ್ಪಬಾರದು ಎಂಬ ಹೆದರಿಕೆ ಅವನಲ್ಲಿ ಕಾಣುತ್ತಿತ್ತು. ಕೈಯಲ್ಲಿದ್ದ ಎಲೆಯನ್ನು ಒಳ್ಳೆಯ ಎಲೆಗಳ ಕಡೆಗೆ ಇಟ್ಟು, ನಿಧಾನವಾಗಿ ತಲೆದೂಗಿದ.

"ವಾಹ್," ಅಂದ. "ಭಾಳ ಚಲೋ ಐತ್ರಿ ಸಾವಕಾರ್ರ. ಎಲ್ಲೂ ಎಲಿ ಹರದಿಲ್ಲ."