ಎಸೆಂಗುಲ್ ಹಿಡಿದ ತಪ್ಪು

ನಾರಿನ್ ಪಟ್ಟಣದ ಗ್ರಂಥಾಲಯದಲ್ಲಿ 'ತೊಟ್ಟಿಲು ಹೊತ್ತವನು' ಕಾದಂಬರಿಯ ಆರು ಪ್ರತಿಗಳಿದ್ದವು. ಆರೂ ಆ ಚಳಿಗಾಲವಿಡೀ ಕಪಾಟಿನ ಮುಖ ನೋಡಲಿಲ್ಲ. ಹೆಂಡತಿ ಸತ್ತ ಮೇಲೆ ಎಳೆಗೂಸನ್ನು ಒಬ್ಬನೇ ಸಾಕುವ ಕುರಿಗಾಹಿಯ ಕಥೆ ಅದು. ಒಂದು ಶನಿವಾರ ಮಧ್ಯಾಹ್ನ ಗ್ರಂಥಪಾಲಕಿ ಸೈರಾಕುಲ್ ಓದಿದವರನ್ನೆಲ್ಲ ಕರೆದು, ಚಹಾ ಕೊಟ್ಟು, ಅಭಿಪ್ರಾಯ ಕೇಳಿದಳು.

"ನಾನಂತೂ ಮೂರು ಸಲ ಅತ್ತೆ," ಎಂದಳು ಶಾಲೆಯ ಟೀಚರು ಬೆರ್ಮೆತ್.

"ಅಳೋಕೇನಿದೆ? ಬರೀ ಸುಳ್ಳು!" ನಿವೃತ್ತ ಸೂಲಗಿತ್ತಿ ಕುಲಿಪಾ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ಹಿಮದಲ್ಲಿ ಕೂಸನ್ನ ಕುದುರೆ ಮೇಲೆ ಹೊತ್ಕೊಂಡು ದಿನಾ ಮೊಲೆಯೂಡೋ ಹೆಂಗಸಿನ ಹತ್ರ ಹೋಗ್ತಾನಂತೆ! ನಮ್ಮನೆಯೋನು, ಮಗು ಉಚ್ಚೆ ಹೊಯ್ದ್ರೆ ಕುರಿ ನೋಡ್ಬೇಕು ಅಂತ ಎದ್ದು ಹೋಗ್ತಿದ್ದ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೈರಾಕುಲ್‌ಳೂ ನಕ್ಕಳು. ಲೇಖಕ ಉಪ್ಪುಖಾರ ಹೆಚ್ಚೇ ಹಚ್ಚಿದ್ದಾನೆಂದು ಅವಳಿಗೂ ಅನ್ನಿಸಿತ್ತು. ಅವಳೂ ತಾಯಿಯಿಲ್ಲದೆ ಬೆಳೆದವಳೇ. ಆದರೆ ಅಪ್ಪ ಎಸೆಂಗುಲ್ ಆ ದಿನಗಳ ಬಗ್ಗೆ ಎಂದೂ ತುಟಿ ಬಿಚ್ಚಿದವನಲ್ಲ.

ಮಗಳನ್ನು ಕರೆದೊಯ್ಯಲು ಬಂದ ಅವನು ಬಾಗಿಲ ಬಳಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

"ಅಕ್ಸಕಾಲ್, ನೀವೂ ಓದಿದ್ದೀರಂತಲ್ಲ. ನೀವೇ ಹೇಳಿ, ಇದು ನಡೆಯೋ ಮಾತಾ?" ಹಿರಿಯರನ್ನು ಕರೆಯುವ ಹಾಗೆ ಕರೆದೇ ಕುಲಿಪಾ ಕೆಣಕಿದಳು.

ಮುದುಕ ಗಂಟಲು ಸರಿಮಾಡಿಕೊಂಡ. "ಚೆನ್ನಾಗಿ ಬರ್ದಿದ್ದಾನೆ. ಒಂದೇ ತಪ್ಪು. ಕೂಸನ್ನ ಬೆನ್ನಿಗೆ ಕಟ್ಕೊಂಡ ಅಂತಾನೆ. ಬೆನ್ನಲ್ಲಿದ್ರೆ ಉಸಿರಾಡ್ತಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ? ತುಪ್ಪಳದ ಕೋಟಿನೊಳಗೆ, ಬರಿ ಎದೆಗೆ ಅವಚ್ಕೋಬೇಕು. ಅಳ್ತಿದ್ರೆ ಸಮಾಧಾನ. ಸುಮ್ಮನಾದ್ರೆ ಕುದುರೆ ನಿಲ್ಸಿ ಕಿವಿಗೊಟ್ಟು ಕೇಳ್ಬೇಕು. ನಲವತ್ತು ದಿನ ಹೋದೆ ನಾನು, ಹೊಳೆಯಾಚೆ ಮೊಲೆಯೂಡೋ ಹೆಂಗಸಿನ ಬಿಡಾರಕ್ಕೆ. ದಿನಕ್ಕೆರಡು ಸಲ. ಒಂದಿನ ಮಂಜುಗಡ್ಡೆ ಒಡೆದು ಕುದುರೆ ಕುತ್ತಿಗೆವರೆಗೆ ಮುಳುಗ್ತು. ಕೂಸನ್ನ ಎರಡೂ ಕೈಲಿ ತಲೆ ಮೇಲೆತ್ತಿ ಹಿಡ್ದೆ. ದಡ ಸೇರಿಸಿದ್ದು ಕುದುರೆನೇ."

ಕುಲಿಪಾ ಎದ್ದು, ಅವನ ಕೈಹಿಡಿದು ಕರೆತಂದು ಹಿರಿಯರ ಜಾಗದಲ್ಲಿ ಕೂರಿಸಿ, ತನ್ನ ಎದೆಯ ಮೇಲೆ ಕೈಯಿಟ್ಟು ಗೌರವದಿಂದ ಚಹಾ ಕೊಟ್ಟಳು. "ಸಾವಿರ ಕೂಸನ್ನ ಭೂಮಿಗೆ ಇಳಿಸಿದೀನಿ, ಅಕ್ಸಕಾಲ್. ಒಂದನ್ನೂ ಹೀಗೆ ಹೊತ್ತಿಲ್ಲ."

ಸೈರಾಕುಲ್, ಹುಟ್ಟಿದಾಗಿನಿಂದ ಮನೆಯ ಹಿಂದೆಯೇ ಇದ್ದ ಬೆಟ್ಟವನ್ನು ಮೊದಲ ಸಲ ಕತ್ತೆತ್ತಿ ನೋಡಿದವಳಂತೆ ಅಪ್ಪನನ್ನೇ ನೋಡುತ್ತ ನಿಂತಳು.

ಮನೆಯ ದಾರಿಯಲ್ಲಿ ಕೇಳಿದಳು: "ಅಪ್ಪಾ, ಇಷ್ಟು ವರ್ಷ ನನಗ್ಯಾಕೆ ಹೇಳ್ಲಿಲ್ಲ?"

ಅವನಿಗೇ ಆಶ್ಚರ್ಯವಾಯಿತು. "ಹೇಳೋದೇನು? ನೀನೂ ಜೊತೆಗೇ ಇದ್ಯಲ್ಲ!"