ಹನ್ನೊಂದು ಒಂದುಗಳು

ಮಡಿಲಲ್ಲಿದ್ದ, ಗಸಗಸೆ ತುಂಬಿದ ಸಿಹಿರೊಟ್ಟಿಯ ಸುರುಳಿಯ ಬಿಸಿ ಕಾಗದ ದಾಟಿ ತೊಡೆಗೆ ತಾಗುತ್ತಿದೆ, ಟ್ರಾಮು ತಿರುವಿನಲ್ಲಿ ಕಿರ್ರೆಂದಿತು, ಇನ್ನು ಎರಡೇ ನಿಲ್ದಾಣ, ಅಷ್ಟರೊಳಗೆ ಎತೆಲ್ಕಾ ತೀರ್ಮಾನಿಸಬೇಕು, ಹೇಳುವುದೋ ಬಿಡುವುದೋ — ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು, ಹಾಳಾದ ಸಂಖ್ಯೆ, ನಿನ್ನೆ ತಾನು ಕೆಲಸ ಮಾಡುವ ಸಂಸ್ಥೆಯ ಲೆಕ್ಕದ ಯಂತ್ರ ಅದನ್ನು ಕಕ್ಕಿದ್ದೇ ತಡ ಮೇಷ್ಟರ ಸಂಖ್ಯೆಯನ್ನು ಅದರಿಂದ ಕೈಯಲ್ಲೂ ಭಾಗಿಸಿ ನೋಡಿದಳು, ಮೂರು ಸಲ, ಮೂರು ಸಲವೂ ಶೇಷ ಸೊನ್ನೆ. ಯಾಕಾದರೂ ನೋಡಿದಳೋ, ದೆಜೊ ಮೇಷ್ಟರ ಎಂಬತ್ತನೇ ಹುಟ್ಟುಹಬ್ಬದ ಪುಸ್ತಿಕೆಗೆ ಒಂದು ಪುಟ ಬರೆದುಕೊಟ್ಟಿದ್ದರೆ ಸಾಕಿತ್ತು, ಸೆಗೆದ್ ಊರಿನ ಶಾಲೆಯಲ್ಲಿ ಅವರು ಕಲಿಸಿದವರೆಲ್ಲ ಬರೆಯುತ್ತಿದ್ದಾರೆ, ಕಪ್ಪುಹಲಗೆಯ ಮೇಲೆ ಸಾಲಾಗಿ ಹನ್ನೊಂದು ಒಂದುಗಳು, ಬೇಲಿಗೂಟದ ಹಾಗೆ ನೆಟ್ಟಗೆ, ಸಾವಿರದ ನೂರ ಹನ್ನೊಂದು ಕೋಟಿಗೂ ಮಿಕ್ಕಿದ ಸಂಖ್ಯೆ, ಇದನ್ನ ಯಾವುದೂ ಒಡೆಯಲ್ಲ ಮಕ್ಕಳೇ, ಇದು ಅವಿಭಾಜ್ಯ, ಅನ್ನುತ್ತಿದ್ದರು. ಬಂಡೆ ಒಡೆಯುವ ಶಿಬಿರದಲ್ಲಿ ಮೂರು ವರ್ಷ ಕೈದಿಯಾಗಿದ್ದಾಗ ಮೇಷ್ಟರದು ದಿನಕ್ಕೊಂದು ಭಾಗಾಕಾರ, ದೂಳಿನಲ್ಲಿ, ಕಡ್ಡಿಯಿಂದ, ಇಪ್ಪತ್ತೆರಡರಿಂದ ಭಾಗಿಸಿದರೆ ಒಂದು ಉಳಿಯುವ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು, ಆದರೂ ಸಾವಿರದ ಹತ್ತಿರ, ಕಾವಲಿನವನು ಅಳಿಸಿದರೆ ಮತ್ತೆ ಮೊದಲಿಂದ, ಅದೂ ಒಡೀಲಿಲ್ಲ, ನಾನೂ ಒಡೀಲಿಲ್ಲ ಕಣೇ — ಅದನ್ನು ಅವಳೊಬ್ಬಳಿಗೇ ಹೇಳಿದ್ದು, ಈಗ ಅವಳೇ ಹೋಗಿ ಒಡೆಯುತ್ತೆ ಅನ್ನುವುದೇ, ಬೇಡ, ಸುರುಳಿ ಕೊಟ್ಟು ಶುಭಾಶಯ ಹೇಳಿ ಎದ್ದುಬಂದರಾಯಿತು, ಆದರೆ ಸುಳ್ಳನ್ನು ಅಚ್ಚು ಹಾಕಿಸುವುದೆ, ಅವರ ಹೆಸರಿನ ಕೆಳಗೆ?

ಬಾಗಿಲು ತೆರೆದ ಮೇಷ್ಟರ ಪ್ಯಾಂಟಿನ ಪಟ್ಟಿ ಒಂದು ಭುಜದಿಂದ ಜಾರಿತ್ತು, ಏನೇ ಮುಖ ಹಂಗೆ, ಟಿಕೆಟ್ ಇಲ್ದೆ ಸಿಕ್ಕಿಬಿದ್ಯಾ, ಇಲ್ಲ ಮೇಷ್ಟ್ರೇ, ಮತ್ತೆ ನನ್ ಸಂಖ್ಯೆ ಬಗ್ಗೆ ಬರೆದ್ಯಾ, ಎಲ್ಲಿ ಓದು — ಹೇಳಬಾರದು, ಹೇಳಬಾರದು, ಒಡೆಯುತ್ತೆ ಮೇಷ್ಟ್ರೇ, ಯಾರ ಬಾಯಿ ಅದು, ಅವಳದೇ. ಅವರು ಸುರುಳಿಗೆ ಸುತ್ತಿದ್ದ ಕಾಗದ ಬಿಚ್ಚಿ ಅದನ್ನೇ ಮೇಜಿನ ಮೇಲೆ ಒತ್ತಿ ಹಿಡಿದರು, ಯಾವುದರಿಂದ ಅಂದರು, ಹೇಳಿದಳು, ಪೆನ್ಸಿಲು ಬೆಣ್ಣೆಯ ಕಲೆಯ ಮೇಲೆ ಜಾರುತ್ತ ಇಳಿಯಿತು, ಐದು, ಒಂದು, ಮೂರು, ಎರಡು, ಮೂರು, ಒಂಬತ್ತು, ಕೊನೆಗೆ ಸೊನ್ನೆ. ಬೈಯಲಿ, ಎದ್ದು ಹೋಗು ಅನ್ನಲಿ, ಏನಾದರೂ ಅನ್ನಲಿ, ಆದರೆ ಪೆನ್ಸಿಲು ಸೊನ್ನೆಯ ಸುತ್ತಲೇ ಸುತ್ತುತ್ತಿದೆ, ಈ ಸಂಖ್ಯೆ ನಂಗೊತ್ತು, ಶಿಬಿರದ ಎಂಟನೇ ತಿಂಗಳಿಂದು, ಇದೊಂದನ್ನೇ ನಾನು ಮಾಡ್ಲಿಲ್ಲ, ಆವತ್ತು ಬೆಳಿಗ್ಗೆ ಗಾಶ್ಪಾರ್ ಏಳ್ಲಿಲ್ಲ, ಪಕ್ಕದ ಹಲಗೆ ಮೇಲೆ ಮಲಗ್ತಿದ್ದೋನು, ಮಾರನೇ ದಿನ ಮುಂದಿನ ಸಂಖ್ಯೆಗೆ ಹೋಗ್ಬಿಟ್ಟೆ, ಇದಕ್ಕೆ ಕೈ ಹಾಕಕ್ಕೆ ಮನಸ್ಸೇ ಬರ್ಲಿಲ್ಲ, ಸಾವಿರದಲ್ಲಿ ಇದೊಂದು ತಾನೆ ಅಂದ್ಕೊಂಡೆ. ಬರಿ ಮಗಳೇ, ಇರೋದನ್ನೇ ಬರಿ, ಅವನ ಹೆಸರೂ ಹಾಕು. ಹೂಂ ಅಂದಳು, ಅವರು ನಿಲ್ಲಿಸಲಿಲ್ಲ, ಬೂಟಿಗೆ ದಾರ ಇರ್ಲಿಲ್ಲ ಅವನಿಗೆ, ನಾನೇ ತಂತಿ ಸುತ್ತಿಕೊಟ್ಟಿದ್ದೆ, ಹೊತ್ಕೊಂಡು ಹೋಗುವಾಗ ಅದೊಂದೇ ಕಾಣ್ತಿತ್ತು — ಪುಟದ ಮೊದಲ ಸಾಲು ಏನಿರಲಿ, ಗಾಶ್ಪಾರ್ ಎಂಬವರು, ಇಲ್ಲ, ಹನ್ನೊಂದು ಒಂದುಗಳು, ಇಲ್ಲ, ಶಿಬಿರದ ಬಾಗಿಲಾಚೆ ಬೆಳಕಿನಲ್ಲಿ ದೂರವಾಗುತ್ತಿರುವ ಬೂಟು, ತಂತಿ ಸುತ್ತಿದ ಬೂಟು, ಬಿಚ್ಚಿಕೊಂಡ ತಂತಿಯ ತುದಿ, ಬೂಟು, ತಂತಿ