ಪುಟವನ್ನು ತಲೆಕೆಳಗಾಗಿ ನೋಡುವ ಪುಟದಕ್ಕ

ಪುಟದಕ್ಕ ಯಾವ ಕಾಗದವನ್ನೂ ಮೊದಲ ನೋಟಕ್ಕೆ ನೆಟ್ಟಗೆ ಹಿಡಿದು ನೋಡಿದವರಲ್ಲ. ಮದುವೆಯ ಕರೆಯೋಲೆಯಾಗಲಿ, ಶಾಲೆಯ ವಾರ್ಷಿಕ ವರದಿಯಾಗಲಿ, ತೀರಿಹೋದವರ ಭಾವಚಿತ್ರವಿರುವ ಶ್ರದ್ಧಾಂಜಲಿ ಪತ್ರವೇ ಆಗಲಿ, ಕೈಗೆ ಬಂದೊಡನೆ ಅದನ್ನು ತಲೆಕೆಳಗು ಮಾಡಿ, ತೋಳನ್ನು ಉದ್ದಕ್ಕೆ ಚಾಚಿ, ಕಣ್ಣು ಅರೆಮುಚ್ಚಿ, ಸಂಗೀತ ಕೇಳುವವರಂತೆ ತುಸು ಹೊತ್ತು ಸುಮ್ಮನಿರುತ್ತಿದ್ದರು. ಹೊಸಬರು ಆಕೆಗೆ ಓದು ಬಾರದೆಂದೇ ತಿಳಿಯುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬ, ಪಾಪ, ಸಂಕೋಚದಿಂದಲೇ ಎದ್ದು ಬಂದು ಕಾಗದವನ್ನು ಸರಿಯಾಗಿ ತಿರುಗಿಸಿ ಕೈಗಿತ್ತನಂತೆ. ಪುಟದಕ್ಕ ಅವನಿಗೆ ನಗುನಗುತ್ತ ಕೈಮುಗಿದು, ಅದನ್ನು ಮತ್ತೆ ತಲೆಕೆಳಗು ಮಾಡಿಕೊಂಡರಂತೆ.

ಆಕೆಯ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕೆಳಗೆ ದರ್ಜಿಯ ಅಂಗಡಿ, ಮೇಲೆ ಕಿರಿದಾದ ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ನಾಲ್ಕು ಕಂಪ್ಯೂಟರುಗಳ ಒಂದು ಕೋಣೆ. ಅಲ್ಲಿ ಅವರು ಡಿ.ಟಿ.ಪಿ. ಕೆಲಸ ಮಾಡಿಕೊಡುತ್ತಿದ್ದರು, ಕಲಿಯಲು ಬಂದವರಿಗೆ ಪುಟ ಕಟ್ಟುವುದನ್ನು ಕಲಿಸುತ್ತಿದ್ದರು. ಅರವತ್ತು ದಾಟಿದ ಮೈಮೇಲೆ ಸದಾ ಒಂದು ಮಾಸಿದ ಖಾಕಿ ಕೋಟು. ಅದರ ಜೇಬುಗಳಲ್ಲಿ ಹಿತ್ತಾಳೆಯ ಅಳತೆಪಟ್ಟಿ, ಭೂತಗನ್ನಡಿ, ಮೊಂಡು ಪೆನ್ಸಿಲು, ಹೇಗೋ ಸದಾ ಒಂದೆರಡು ಏಲಕ್ಕಿ. ನಡೆಯುವಾಗ ದೇಹ ಬಲಕ್ಕೆ ವಾಲುತ್ತಿತ್ತು. ಹದಿನಾರರ ಹರೆಯದಲ್ಲಿ ಅಚ್ಚುಕೂಟ ಸೇರಿ, ಸೀಸದ ಅಕ್ಷರಮೊಳೆಗಳನ್ನು ಜೋಡಿಸಿದ ಭಾರದ ತಟ್ಟೆಗಳನ್ನು ಎಡಸೊಂಟದ ಮೇಲೆ ಹೊತ್ತು ಹೊತ್ತು, ಆ ಭಾರ ಇಳಿದು ಎಷ್ಟೋ ವರ್ಷಗಳಾದರೂ ಮೈ ಮಾತ್ರ ಅದನ್ನು ತೂಗಿಸಿಕೊಂಡೇ ನಡೆಯುತ್ತಿತ್ತು. ಮೊಳೆಗಳ ಕಾಲದಲ್ಲಿ ಅಕ್ಷರವನ್ನು ತಲೆಕೆಳಗಾಗಿಯೇ ಓದಬೇಕಿತ್ತು. ಮೊಳೆಗಳನ್ನೆಲ್ಲ ಕರಗಿಸಲು ಮಾರಿದ ಮೇಲೆ ಆಕೆಯ ಸಂಗಾತಿಗಳು ಒಬ್ಬೊಬ್ಬರಾಗಿ ಬೇರೆ ಕಸುಬು ಹಿಡಿದರು. ಆಕೆ ಮಾತ್ರ ನಲವತ್ತೈದು ದಾಟಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಮೊದಲಿಂದ ಕಲಿತರು.

ಆ ಕೋಣೆಗೆ ಒಂದು ದಿನ ಬೋರ್ಡು ಬರೆಯುವ ಪೇಂಟರ್ ಮೆಟ್ಟಿಲು ಹತ್ತಿ ಬಂದ. ವಯಸ್ಸು ನಲವತ್ತೆಂಟು. ಮೂವತ್ತು ವರ್ಷ ಊರಿನ ಅರ್ಧ ಅಂಗಡಿಗಳ ಹೆಸರು ಬರೆದ ಕೈ. ಈಗ ಎಲ್ಲರೂ ಫ್ಲೆಕ್ಸ್ ಹಾಕಿಸಿಕೊಳ್ಳುವವರೇ ಆಗಿ, ಕುಂಚಗಳು ಡಬ್ಬಿಯಲ್ಲಿ ಒಣಗಿ ಕೂತಿದ್ದವು. ಅಕ್ಷರವನ್ನು ಬಿಟ್ಟು ಬೇರೇನೂ ಅರಿಯದ ಮನುಷ್ಯ ಅವನು. ಈ ಹೊಸ ವಿದ್ಯೆ ಕೈಗೆ ಹತ್ತದಿದ್ದರೆ ತನಗೂ ಅಕ್ಷರಕ್ಕೂ ಇದ್ದ ನಂಟು ಅಲ್ಲಿಗೆ ಮುಗಿಯಿತೆಂಬ ಅಳುಕು ಅವನಿಗಿತ್ತು. ಆದರೂ ಜಂಬ ಬಿಟ್ಟಿರಲಿಲ್ಲ. ಅಕ್ಷರದ ವಿಷಯದಲ್ಲಿ ತನಗೆ ಹೇಳಿಕೊಡುವವರು ಯಾರಿದ್ದಾರೆ ಎಂಬ ಧೈರ್ಯದಲ್ಲೇ ಕುರ್ಚಿ ಎಳೆದುಕೊಂಡು ಕುಳಿತ.

ಪುಟದಕ್ಕ ಅವನ ಮುಂದಿನಿಂದ ಮೌಸನ್ನು ಎತ್ತಿ ಬೀರುವಿನಲ್ಲಿಟ್ಟರು. ಹಳೆಯ ಪತ್ರಿಕೆ, ಕತ್ತರಿ, ಗೋಂದಿನ ಶೀಶೆ, ನಾಲ್ಕು ಬಿಳಿ ಹಾಳೆ ತಂದು ಎದುರಿಗಿಟ್ಟರು.

"ಒಂದು ವಾರ ಇದೇ ಕೆಲಸ ಪೇಂಟರೇ. ಸಾಲುಗಳನ್ನ ಕತ್ತರಿಸಿ, ಹಾಳೆ ಮೇಲೆ ಜರುಗಿಸಿ, ನೋಡಿ. ಅಂಟಿಸೋಕೆ ಮಾತ್ರ ಅವಸರ ಮಾಡ್ಬೇಡಿ."

ಮನೆಯಲ್ಲಿ ಹೆಂಡತಿ ನಕ್ಕು ಸುಸ್ತಾದಳು. "ಕಂಪ್ಯೂಟರ್ ಕಲೀತೀನಿ ಅಂತ ಹೋಗಿ ಕತ್ತರಿ ಕಲಿತು ಬಂದ್ರಾ? ಹಾಗಾದ್ರೆ ಆ ಕಿಟಕಿ ಪರದೆ ಒಂದು ಕತ್ತರಿಸಿಕೊಡಿ, ಆರು ತಿಂಗಳಿಂದ ಕಾಯ್ತಾ ಇದೀನಿ" ಎಂದಳು. ಪೇಂಟರ್ ಮುಖ ಊದಿಸಿಕೊಂಡು ಊಟಕ್ಕೆ ಕುಳಿತ. ಆದರೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಒಂದೇ ಸಾಲನ್ನು ಹಾಳೆಯ ನಡುವಿಗಿಟ್ಟಾಗ ಅದಕ್ಕೆ ಒಂದು ದನಿ, ಮೂಲೆಗೆ ಸರಿಸಿದಾಗ ಇನ್ನೊಂದು ದನಿ ಬರುವುದನ್ನು ಅವನ ಕಣ್ಣು ಅಷ್ಟರಲ್ಲೇ ಕಂಡಿತ್ತು.

ಎರಡನೆಯ ವಾರ ಮೌಸ್ ಕೈಗೆ ಬಂತು. ಹಸಿದವನ ಮುಂದೆ ಬಾಳೆಲೆ ಹಾಸಿದಂತಾಯಿತು. ಪೇಂಟರ್ ಏಳು ಬಗೆಯ ಅಕ್ಷರ, ಐದು ಬಣ್ಣ, ಪ್ರತಿ ಅಕ್ಷರಕ್ಕೂ ನೆರಳು, ಸುತ್ತಲೂ ಬಳ್ಳಿಯ ಅಂಚು ಹಾಕಿ, ಮೀಸೆಯಲ್ಲೇ ನಗುತ್ತ ಪ್ರಿಂಟ್ ತೆಗೆದುಕೊಟ್ಟ. ಪುಟದಕ್ಕ ಅದನ್ನು ತಲೆಕೆಳಗು ಮಾಡಿ ನೋಡಿದರು.

"ಇದರಲ್ಲಿ ಮೊದಲು ಏನು ಓದ್ಬೇಕು?"

"ಎಲ್ಲಾನೂ."

"ಮನೆಯವರೆಲ್ಲ ಒಟ್ಟಿಗೇ ಕೂಗಿದ್ರೆ ಬಾಗಿಲಲ್ಲಿ ನಿಂತ ನೆಂಟ ಯಾರ ಮಾತು ಕೇಳ್ಬೇಕು ಪೇಂಟರೇ?"

ಬೈಗುಳವಲ್ಲ, ಹಂಗಿಸುವ ದನಿಯೂ ಅಲ್ಲ. ನಿಜವಾಗಿ ಉತ್ತರ ಬೇಕಾಗಿರುವವರಂತೆ ಕೇಳುತ್ತಿದ್ದರು. ಅವರ ಪಾಠವೆಲ್ಲ ಹೀಗೆಯೇ ಮನೆವಾರ್ತೆಯ ಮಾತಿನಲ್ಲಿ ಸಾಗುತ್ತಿತ್ತು. ಶೀರ್ಷಿಕೆ ಮನೆಗೆ ಹಿರಿಯರಿದ್ದಂತೆ, ಒಬ್ಬರಿದ್ದರೆ ಸಾಕು. ಸಾಲುಗಳ ನಡುವೆ ಜಾಗ ಸಾಲದಿದ್ದರೆ "ಉಸಿರಾಡ್ಲಿ ಬಿಡಿ" ಎನ್ನುತ್ತಿದ್ದರು. ಎಲ್ಲೋ ಒಂದು ಸಾಲು ಒಂಟಿಯಾಗಿ ತೇಲುತ್ತಿದ್ದರೆ ಅದರ ಮೇಲೆ ಪೆನ್ಸಿಲಿನ ತುದಿಯಿಟ್ಟು "ಇದು ಯಾರ ಮನೇದು?" ಎಂದು ಕೇಳುತ್ತಿದ್ದರು. ಈ ಪ್ರಶ್ನೆ ದಿನಕ್ಕೆ ಹತ್ತು ಸಲವಾದರೂ ಆ ಕೋಣೆಯಲ್ಲಿ ಕೇಳಿಸುತ್ತಿತ್ತು. ಬಟ್ಟೆ ಅಂಗಡಿಯ ಯಜಮಾನನೊಬ್ಬ ಬಂದು, ತನ್ನ ಜಾಹೀರಾತಿನಲ್ಲಿ ಇಷ್ಟೊಂದು ಖಾಲಿ ಜಾಗ ಏಕೆ ಬಿಟ್ಟಿರಿ, ದುಡ್ಡು ಕೊಟ್ಟಿದ್ದು ಇಡೀ ಪುಟಕ್ಕಲ್ಲವೇ ಎಂದು ರೇಗಿದಾಗ ಪುಟದಕ್ಕ ಶಾಂತವಾಗಿ, "ನಿಮ್ಮ ಅಂಗಡೀಲಿ ಓಡಾಡೋಕೆ ಜಾಗ ಬಿಟ್ಟಿದೀರಲ್ಲ, ಅದೇ ಕಾರಣಕ್ಕೆ" ಎಂದರು. ಯಜಮಾನ ಜಾಹೀರಾತನ್ನು ಇನ್ನೊಮ್ಮೆ ನೋಡಿ, ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದ.

ಕಾಗದವನ್ನೇಕೆ ತಿರುಗಿಸಿ ನೋಡುತ್ತೀರೆಂದು ಪೇಂಟರ್ ಒಮ್ಮೆ ಧೈರ್ಯ ಮಾಡಿ ಕೇಳಿದ್ದ. "ನೆಟ್ಟಗಿದ್ರೆ ಓದ್ಬಿಡ್ತೀವಲ್ಲ. ಓದೋಕೆ ಶುರು ಮಾಡಿದ್ರೆ ನೋಡೋದು ನಿಂತುಹೋಗುತ್ತೆ" ಎಂದಿದ್ದರು. ದೊಡ್ಡವರು ಏನೋ ಹೇಳುತ್ತಾರೆ ಎಂದು ಅವನು ತಲೆಯಾಡಿಸಿದ್ದ, ಅಷ್ಟೆ.

ಐದನೆಯ ತಿಂಗಳಿನಲ್ಲಿ ಪುಟದಕ್ಕ ಜ್ವರದಿಂದ ನಾಲ್ಕು ದಿನ ಹಾಸಿಗೆ ಹಿಡಿದರು. ಆ ನಾಲ್ಕು ದಿನಗಳಲ್ಲೇ ಹತ್ತಿರದ ಕಣ್ಣಿನ ಆಸ್ಪತ್ರೆಯಿಂದ ಒಂದು ಕೆಲಸ ಬಂತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಹೋಗುವವರಿಗೆ ಕೊಡುವ ಒಂದು ಹಾಳೆ: ಕೆಂಪು ಮುಚ್ಚಳ, ಹಸಿರು ಮುಚ್ಚಳ, ಬಿಳಿ ಮುಚ್ಚಳದ ಮೂರು ಹನಿ ಔಷಧಿಗಳ ಚಿತ್ರ, ಯಾವುದನ್ನು ದಿನಕ್ಕೆ ಎಷ್ಟು ಸಲ ಹಾಕಬೇಕೆಂಬ ಸೂಚನೆ. ಅಕ್ಕ ಬರುವವರೆಗೆ ಕಾಯೋಣವೆಂದು ಪೇಂಟರನ ಒಂದು ಮನಸ್ಸು ಹೇಳಿತು. ನನ್ನ ಕೈಯಿಂದಲೇ ಒಂದು ಹಾಳೆ ಅಚ್ಚಾಗಿ ಬರಲೆಂದು ಇನ್ನೊಂದು ಮನಸ್ಸು ಹೇಳಿತು. ಎರಡನೆಯದೇ ಗೆದ್ದಿತು.

ಅವನು ಕಲಿತದ್ದನ್ನೆಲ್ಲ ನೆನಪಿಟ್ಟು ಮಾಡಿದ. ಒಂದೇ ಬಗೆಯ ಅಕ್ಷರ, ಮುದುಕರಿಗೂ ಕಾಣುವ ಗಾತ್ರ, ನೆರಳಿಲ್ಲ, ಬಳ್ಳಿಯಿಲ್ಲ. ಒಂದು ಚಿತ್ರ, ಅದರ ಕೆಳಗೆ ಅದರ ಸೂಚನೆ, ಅದರ ಕೆಳಗೆ ಮುಂದಿನ ಚಿತ್ರ ಎಂದು ಮೂರನ್ನೂ ಮೇಲಿಂದ ಕೆಳಕ್ಕೆ ಇಳಿಸಿದ. ಆಮೇಲೆ, ಮೂವತ್ತು ವರ್ಷ ಗೋಡೆಯ ಮೇಲೆ ಸುಣ್ಣದ ದಾರ ಎಳೆದು ಅಂತರ ಸಮ ಮಾಡಿದ ಕೈ ಅಲ್ಲವೇ, ಚಿತ್ರಕ್ಕೂ ಸಾಲಿಗೂ, ಸಾಲಿಗೂ ಮುಂದಿನ ಚಿತ್ರಕ್ಕೂ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸಮನಾದ ಜಾಗ ಬಿಟ್ಟ. ನೋಡಲು ಬಲು ಅಚ್ಚುಕಟ್ಟಾಗಿತ್ತು. ಡಾಕ್ಟರು ಅಕ್ಷರ ಅಕ್ಷರವನ್ನೂ ಓದಿ, ತಪ್ಪಿಲ್ಲವೆಂದು ಸಹಿ ಹಾಕಿಕೊಟ್ಟರು. ಮರುದಿನವೇ ಐನೂರು ಪ್ರತಿ ಅಚ್ಚಾಗಿ ಆಸ್ಪತ್ರೆಗೆ ಹೋದವು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಹೆಂಡತಿ ಆಮೇಲೆ ನೆನಪಿಸಿದಳು. ಆ ದಿನ ಅವಳೂ ಹಾಳೆಯನ್ನು ಕನ್ನಡಿಯ ಪಕ್ಕ ಸಿಕ್ಕಿಸಿ ಹಿಗ್ಗಿದ್ದಳು.

ಐದನೆಯ ಬೆಳಿಗ್ಗೆ ಪುಟದಕ್ಕ ಬಂದರು. ಪೇಂಟರ್ ಮುಖವರಳಿಸಿ ಹಾಳೆಯನ್ನು ಕೈಗಿತ್ತ. ಅವರು ಎಂದಿನಂತೆ ತಲೆಕೆಳಗು ಮಾಡಿ ತೋಳು ಚಾಚಿದರು. ನೋಡುತ್ತ ನೋಡುತ್ತ ಅವರ ಮುಖದ ಜ್ವರದ ಬಣ್ಣವೂ ಇಳಿದುಹೋಯಿತು. "ಎರಡು ಗಂಟೆಗೊಮ್ಮೆ ಒಂದು ಹನಿ" ಎಂಬ ಸಾಲಿನ ಮೇಲೆ ಪೆನ್ಸಿಲಿಟ್ಟರು.

"ಇದು ಯಾರ ಮನೇದು?"

"ಮೇಲಿರೋ ಹಸಿರು ಮುಚ್ಚಳದ್ದು" ಎಂದ ಪೇಂಟರ್.

ಅವರು ಕೆಳಗಿನ ದರ್ಜಿಯನ್ನು ಕರೆದು, ಹಾಳೆ ಕೊಟ್ಟು, ಈ ಸಾಲು ಯಾವ ಔಷಧಿಯದೆಂದು ಕೇಳಿದರು. ದರ್ಜಿ ಕನ್ನಡಕ ಏರಿಸಿ ನೋಡಿ, "ಅದರ ಕೆಳಗಿದೆಯಲ್ಲ, ಬಿಳೀ ಮುಚ್ಚಳದ್ದು" ಎಂದ.

ಪೇಂಟರ್ ಹಾಳೆಯನ್ನು ಕಿತ್ತುಕೊಂಡು ಮತ್ತೆ ನೋಡಿದ. ಬಿಳಿ ಮುಚ್ಚಳದ್ದು ತೀಕ್ಷ್ಣವಾದ ಔಷಧಿ. ದಿನಕ್ಕೆ ಒಂದೇ ಹನಿ ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು. ತಾನು ಬಿಟ್ಟ ಸಮನಾದ ಜಾಗದಲ್ಲಿ ಆ ಸಾಲು ಮೇಲಿನ ಚಿತ್ರಕ್ಕೂ ಸೇರಬಹುದು, ಕೆಳಗಿನದಕ್ಕೂ ಸೇರಬಹುದು. ಒಂದು ಪದವೂ ತಪ್ಪಿಲ್ಲದ ಆ ಹಾಳೆ ಯಾರದೋ ಕಣ್ಣನ್ನೇ ತೆಗೆಯಬಹುದಿತ್ತು.

ಇಬ್ಬರೂ ಆಸ್ಪತ್ರೆಗೆ ಓಡಿದರು. ಬಲಕ್ಕೆ ವಾಲುವ ಆ ನಡಿಗೆಗೆ ಅಷ್ಟು ವೇಗವಿದೆಯೆಂದು ಪೇಂಟರನಿಗೆ ಅಂದೇ ಗೊತ್ತಾದದ್ದು. "ನಾನೇ ಎರಡು ಸಲ ಓದಿ ಸಹಿ ಹಾಕಿದೆನಲ್ರೀ" ಎಂದು ಡಾಕ್ಟರು ತಲೆ ಮೇಲೆ ಕೈಹೊತ್ತರು. "ಓದಿದ್ರಿ ಡಾಕ್ಟ್ರೇ, ಅದಕ್ಕೇ ಕಾಣ್ಲಿಲ್ಲ. ತಪ್ಪು ನನ್ನದು" ಎಂದರು ಪುಟದಕ್ಕ. ಪೇಂಟರ್ ಬಾಯಿ ತೆರೆದ. ಅವರು ಕೈಯೆತ್ತಿ ತಡೆದು, "ಕಲಿಯೋರು ತಪ್ಪು ಮಾಡಿದ್ರೆ ಅದು ಕಲಿಸೋರದ್ದೇ. ಮೊದಲು ವಿಳಾಸ ತಗೊಳ್ಳಿ" ಎಂದರು. ಅಷ್ಟು ಜನರ ಮುಂದೆ, ಅಷ್ಟು ಸಲೀಸಾಗಿ, ತಮ್ಮದಲ್ಲದ ತಪ್ಪನ್ನು ಹೆಗಲಿಗೇರಿಸಿಕೊಂಡವರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಹಾಳೆ ಹಿಡಿದು ಮನೆಗೆ ಹೋದವರು ಏಳು ಜನ. ದಾದಿಯರು ಆರು ಜನರಿಗೆ ಫೋನು ಮಾಡಿ ವಿಚಾರಿಸಿದರು. ಎಲ್ಲರೂ ಸರಿಯಾಗಿಯೇ ಹಾಕಿಕೊಳ್ಳುತ್ತಿದ್ದರು. ಏಳನೆಯ ಮನೆಯ ಫೋನನ್ನು ಯಾರೂ ಎತ್ತಲಿಲ್ಲ. ಪುಟದಕ್ಕ, ಪೇಂಟರ್ ಇಬ್ಬರೂ ಆಟೋ ಹತ್ತಿದರು. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳಿದ: "ಆ ಕಣ್ಣಿಗೆ ಏನಾದ್ರೂ ಆದ್ರೆ ಅಕ್ಕಾ, ನಾನಿನ್ನು ಒಂದಕ್ಷರ ಮುಟ್ಟಲ್ಲ." ಅವರು ಏಲಕ್ಕಿಯೊಂದನ್ನು ಅವನ ಕೈಯಲ್ಲಿಟ್ಟರು.

ಅದು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಮನೆ. ಒಂದು ಕಣ್ಣಿಗೆ ಎತ್ತಿ ಮುಚ್ಚುವ ಪಟ್ಟಿ, ಇನ್ನೊಂದರ ಮೇಲೆ ಕನ್ನಡಕ. ಅಚ್ಚಾದ ಮಾತೆಂದರೆ ವೇದವೆಂದು ಬದುಕು ಕಳೆದವರು. ಮೇಜಿನ ಮೇಲೆ ನಮ್ಮ ಪೇಂಟರನ ಹಾಳೆ, ಅದರ ಮೇಲೆ ಬಿಳಿ ಮುಚ್ಚಳದ ಶೀಶೆ, ಪಕ್ಕದಲ್ಲಿ ಅಲಾರಾಂ ಗಡಿಯಾರ. "ಫೋನೆಲ್ಲ ಎತ್ತೋಕೆ ಪುರುಸೊತ್ತೆಲ್ಲಿ? ಕಾಗದದಲ್ಲಿ ಇರೋ ಹಾಗೆ ಇವತ್ತು ಬೆಳಿಗ್ಗೆಯಿಂದ ಎರಡು ಗಂಟೆಗೊಂದು ಹನಿ ಹಾಕ್ತಾ ಇದೀನಿ. ಎರಡಾಯ್ತು, ಮೂರನೇದಕ್ಕೆ ಇನ್ನು ಹತ್ತು ನಿಮಿಷ" ಎಂದರು. ಪೇಂಟರ್ ಒಳಗೆ ನುಗ್ಗಿ ಅಲಾರಾಂ ನಿಲ್ಲಿಸಿದ. ಪುಟದಕ್ಕ ಶೀಶೆಯನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡು, ಆಕೆಯ ಕೈಹಿಡಿದು, ಅದೇ ಆಟೋದಲ್ಲಿ ಆಸ್ಪತ್ರೆಗೆ ಕರೆತಂದರು. ಪರೀಕ್ಷೆ ಮುಗಿಯುವ ತನಕ ಪೇಂಟರ್ ಹೊರಗಿನ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕುಳಿತಿದ್ದ. ಡಾಕ್ಟರು ಹೊರಬಂದು, "ಎರಡು ಹನಿಗೆ ಏನೂ ಆಗಿಲ್ಲ. ಎರಡು ದಿನ ಆಗಿದ್ರೆ ಕಣ್ಣು ಹೋಗ್ತಿತ್ತು" ಎಂದಾಗ ಅವನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.

ಮರುದಿನ ಇನ್ನು ಬರುವುದಿಲ್ಲವೆಂದು ಹೇಳಿ ಹೋಗಲೆಂದೇ ಅವನು ಮೆಟ್ಟಿಲು ಹತ್ತಿದ. ಅವನ ಕುರ್ಚಿಯ ಮುಂದೆ ಬಿಳಿ ಹಾಳೆ ಹಾಸಿತ್ತು, ತಪ್ಪಾದ ಕರಪತ್ರದ ಸಾಲುಗಳನ್ನೂ ಚಿತ್ರಗಳನ್ನೂ ಕತ್ತರಿಸಿ ಒಂದು ಬದಿಗಿಟ್ಟಿತ್ತು. ಪುಟದಕ್ಕ ತಮ್ಮ ಕೆಲಸದಿಂದ ತಲೆಯೆತ್ತದೆ ಹೇಳಿದರು. "ಮೊಳೆ ಜೋಡಿಸೋ ಕಾಲದಲ್ಲಿ ನಾನೊಂದು ಊರಿಗೆ ಬಸ್ಸಿನ ವೇಳಾಪಟ್ಟಿ ಹೀಗೇ ಮಾಡಿಕೊಟ್ಟಿದ್ದೆ. ಬಾಣಂತಿಯೊಬ್ಬಳು ಕಂಕುಳ ಮಗೂನ ಕಟ್ಕೊಂಡು ಬರದೇ ಇರೋ ಬಸ್ಸಿಗೆ ಇಡೀ ದಿನ ಬಿಸಿಲಲ್ಲಿ ಕಾದಳು. ಅವತ್ತಿಂದ ನನಗೆ ಕಾಗದ ಕಂಡ್ರೆ ಭಯ. ಆ ಭಯ ಇದ್ದೋರೇ ಈ ಕೆಲಸಕ್ಕೆ ಬೇಕು. ಕೂತ್ಕೊಳ್ಳಿ."

ಅವನು ಕುಳಿತ. ಮೂರು ದಿನ ಆ ಚೂರುಗಳನ್ನು ಜರುಗಿಸಿದ. ಪ್ರತಿ ಸೂಚನೆಯನ್ನೂ ಅದರ ಶೀಶೆಯ ಮಗ್ಗುಲಿಗೇ ತಂದು, ಒಂದು ಶೀಶೆಗೂ ಇನ್ನೊಂದಕ್ಕೂ ನಡುವೆ ಅಂಗಳದಷ್ಟು ಜಾಗ ಬಿಟ್ಟ. ಅಚ್ಚಿಗೆ ಕೊಡುವ ಮುನ್ನ ಪುಟದಕ್ಕ ಅವನನ್ನು ಕರೆದುಕೊಂಡು ಅದೇ ಮುಖ್ಯೋಪಾಧ್ಯಾಯಿನಿಯ ಮನೆಗೆ ಹೋದರು. "ಮೂರು ದಿನ ಕೂತು ಮಾಡಿದೀನಿ, ಯಾವುದು ಎಷ್ಟು ಸಲ ಹೇಳಿ" ಎಂದು ಪೇಂಟರ್ ಕೊಟ್ಟ ಹಾಳೆಯನ್ನು ಆಕೆ ಒಂದು ಕ್ಷಣ ನೋಡಿ ಕೆಳಗಿಟ್ಟರು.

"ಇದರಲ್ಲಿ ಕೇಳೋಕೇನಿದೆ? ಯಾವುದು ಎಷ್ಟು ಸಲ ಅಂತ ನನಗೇ ತಿಳಿಯುತ್ತಲ್ಲ. ಇಷ್ಟು ಮಾಡೋಕೆ ನಿಮಗೆ ಮೂರು ದಿನ ಬೇಕಾಯ್ತಾ?"

ಪೇಂಟರನ ಮುಖ ಬಾಡಿತು. ಪುಟದಕ್ಕನ ಕಡೆ ನೋಡಿದರೆ ಅವರು ಮಗಳ ಮದುವೆ ಸಾಂಗವಾಗಿ ಮುಗಿಸಿದ ತಾಯಿಯಂತೆ ತುಂಬಿ ಬಂದ ಕಣ್ಣಲ್ಲಿ ನಗುತ್ತಿದ್ದರು. "ಪಾಸಾದ್ರಿ ಪೇಂಟರೇ" ಎಂದರು.

ಜಗತ್ತಿನಲ್ಲಿ ತಮ್ಮ ಜಾಣತನವನ್ನು ನಮಗೆ ಕಾಣಿಸಿ ಮೆಚ್ಚುಗೆ ಪಡೆಯುವವರು ಬಹಳ ಮಂದಿ. ಅವರನ್ನು ನಾವು ಮೆಚ್ಚುತ್ತೇವೆ, ಮೆಚ್ಚಬೇಕಾದದ್ದೇ. ಆದರೆ ನಮ್ಮನ್ನೇ ಜಾಣರನ್ನಾಗಿಸಿ, ‘ನನಗೇ ತಿಳಿಯಿತು’ ಎಂಬ ಸಣ್ಣ ಹೆಮ್ಮೆಯನ್ನು ನಮ್ಮ ಕೈಗಿತ್ತು, ತಾವು ಯಾರ ನೆನಪಿಗೂ ಬಾರದಂತೆ ಹಿಂದೆ ಸರಿಯುವ ಇನ್ನೊಂದು ಕುಲವಿದೆ. ನಾವು ತಪ್ಪದೆ ಹತ್ತಿದ ಬಸ್ಸುಗಳ, ಸರಿಯಾಗಿ ಕುಡಿದ ಔಷಧಿಗಳ, ಹಾಳಾಗದೆ ಉಳಿದ ಕಣ್ಣುಗಳ ಹಿಂದೆ ಅವರ ಭಯಭಕ್ತಿ ಇದೆ. ಆ ಕಣ್ಣುಗಳಿಗೆ ಇದು ಗೊತ್ತಿಲ್ಲ. ಗೊತ್ತಾಗದಿರಲೆಂದೇ ಅವರು ಮೂರು ದಿನ ಕುಳಿತು ಒಂದು ಸಾಲನ್ನು ಜರುಗಿಸುತ್ತಿರುತ್ತಾರೆ.